ಕಿತ್ತೂರಿನ ಪಾಳುಕೋಟೆ ಮತ್ತು ಕಲಾವೇದಿಕೆ

ಬೆಳಗಾವಿ ಧಾರವಾಡಗಳ ನಡುವಿನ ಕಿತ್ತೂರಿನಲ್ಲಿ ಕೋಟೆಯನ್ನು ಹೊಕ್ಕವರಿಗೆ ಇಂದು ಕಾಣುವುದು ಮಾಡು ಕಳೆದುಕೊಂಡ ಅರಮನೆಯ ಗೋಡೆಗಳು, ನೀರು ಹರಿದುಬರುತ್ತಿದ್ದ ಕಾಲುವೆಗಳ ಗುರುತು, ಸ್ನಾನದ ಕೊಳಗಳು, ಮತ್ತು ಧ್ರುವನಕ್ಷತ್ರದ ದರ್ಶನಕ್ಕೆಂದು ಗೋಡೆಯಲ್ಲಿ ಹುದುಗಿಸಿದ ಕೊಳವೆ. ಇವನ್ನು ಕಟ್ಟಿದವರ ಸುಖಾಭಿರುಚಿಯೂ ಕುಶಲತೆಯೂ ಭಗ್ನಾವಸ್ಥೆಯಲ್ಲಿಯೂ ಮರೆಯಾಗಿಲ್ಲ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಅರಸ ಶಿವಲಿಂಗರುದ್ರಸರ್ಜನು ನಿಸ್ಸಂತಾನನಾಗಿ ತೀರಿಕೊಳ್ಳಲು, ದತ್ತಕವನ್ನು ಮಾನ್ಯಮಾಡದೆ ಸೈನ್ಯಸಮೇತನಾಗಿ ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಅಕ್ಟೋಬರ್ 23ರಂದು ಈ ಕೋಟೆಯೆದುರು ಹತನಾದನು. ಡಿಸೆಂಬರಿನಲ್ಲಿ ದೊಡ್ಡ ದಂಡಿನೊಡನೆ ಮರಳಿದ ಈಸ್ಟ್ ಇಂಡಿಯಾ ಕಂಪನಿಯು ಸಂಸ್ಥಾನವನ್ನು ಕೊನೆಗಾಣಿಸಿತು. ಹೋರಾಟವನ್ನು ಮುನ್ನಡೆಸಿದ್ದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ದೇಹವಿಟ್ಟಳು. ಬಂಡಾಯವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಅರಸೊತ್ತಿಗೆ ಅಳಿದ ಬಳಿಕ ಕಿತ್ತೂರಿನ ಚರಿತ್ರೆಯನ್ನು ಜನರ ನಡುವೆ ಉಳಿಸಿದವರು ಲಾವಣಿಕಾರರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟನು ಈ ಸೀಮೆಯ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ರಾಯಣ್ಣನ ಬಂಡಾಯದ ಹಾಡೂ ಅವುಗಳಲ್ಲಿ ಸೇರಿದ್ದಿತು. ಆಳುವವರ ದಫ್ತರದಲ್ಲಿ ದ್ರೋಹಿಯಾಗಿದ್ದವನು ಹಾಡಿನಲ್ಲಿ ವೀರನಾಗಿ ಬಾಳಿದ್ದನು. ಬೈಲಹೊಂಗಲದ ಸೀಮೆಗೆ ಸೇರಿದುದೆಂದು ಪ್ರಸಿದ್ಧವಾದ ಸಂಗ್ಯಾ ಬಾಳ್ಯಾರ ವೃತ್ತಾಂತವೂ ಸಣ್ಣಾಟವಾಗಿ ಊರೂರ ರಂಗವನ್ನೇರಿದುದು ಇದೇ ನೆಲದ ರಸಿಕತೆಯಿಂದ.

ಪಾಳುಬಿದ್ದ ತಾಣಕ್ಕೆ ಕಲೆಯು ಬರುವ ಬಗೆ ಒಂದೇ ಅಲ್ಲ. ಲಂಡನ್ನಿನ ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ವಿದ್ಯುದಾಗಾರವು 1981ರಲ್ಲಿ ಕೆಲಸ ನಿಲ್ಲಿಸಿ, 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಅಲ್ಲಿ ಯಂತ್ರಗಳು ತೆರವಾದ ಎಡೆಗೆ ಕಲೆಯು ಹೊಸ ಒಕ್ಕಲಾಗಿ ಬಂದಿತು. ಕಿತ್ತೂರಿನಲ್ಲಿ ಕ್ರಮವೇ ಬೇರೆ: ಪಾಳುಬಿದ್ದ ಸ್ಥಳವು ಜನಮನದಲ್ಲಿ ಪಾಳಾಗದಂತೆ ಮೊದಲು ಕಾಯ್ದುದು ಕಲೆ; ಪ್ರಾಚ್ಯವಸ್ತು ಸಂಗ್ರಹಾಲಯವೂ, ಪ್ರತಿವರ್ಷ ಅಕ್ಟೋಬರ್ 23ರ ವಿಜಯಸ್ಮರಣೆಗೆ ಕೋಟೆಯ ಆವರಣದಲ್ಲಿ ನೆರೆಯುವ ಕಿತ್ತೂರು ಉತ್ಸವವೂ ಆಮೇಲಿನವು. ಆ ದಿನಗಳಲ್ಲಿ ಡೊಳ್ಳು, ವೀರಗಾಸೆ, ಕರಡಿಮಜಲುಗಳ ಮೇಳಗಳು ಮೆರವಣಿಗೆಯಲ್ಲಿ ಸಾಗುತ್ತವೆ. ಸಂಜೆಯ ವೇದಿಕೆಗೆ ದೂರದ ಊರುಗಳ ಖ್ಯಾತ ಗಾಯಕರೂ ಬರುತ್ತಾರೆ.

ಅತಿಥಿಗಳು ಬರಲಿ, ಸಂತೋಷವೇ. ಆದರೆ ಪ್ರಭುತ್ವವು ಈ ಕೋಟೆಯನ್ನು ಸ್ಮಾರಕವೆಂದು ಗೌರವಿಸುವುದಕ್ಕೆ ಬಹು ಮೊದಲೇ ಅದರ ಕಥೆಯನ್ನು ಕೂಲಿಯ ಲೆಕ್ಕವಿಡದೆ ಹಾಡಿದವರ ಸಂತತಿಗೆ ಮೆರವಣಿಗೆಯ ಮುಂಭಾಗವನ್ನಷ್ಟೇ ಕೊಟ್ಟು, ರಾತ್ರಿಯ ವೇದಿಕೆಯನ್ನು ಪರರಿಗೆ ಬಿಡುವುದು ಋಣವನ್ನು ಅರ್ಧ ತೀರಿಸಿದಂತೆಯೇ ಸರಿ.