ಎಸ್‌ಎಸ್‌ಗೆ ಎಂಎಸ್ ಬೆಸುಗೆ: ರಾಡಿನ ಆಯ್ಕೆ ಮತ್ತು ಬೆರಕೆಯ ಲೆಕ್ಕ

ವಿಮಾನೋದ್ಯಮದಲ್ಲಿ ಪರೀಕ್ಷಾ ಪತ್ರವಿಲ್ಲದ ಲೋಹದ ತುಂಡಿಗೆ ಜಾಗವಿಲ್ಲ. ಸಾಮಾನ್ಯ ಫ್ಯಾಬ್ರಿಕೇಶನ್ ಶೆಡ್ಡಿಗೆ ಬರುವ ತಗಡಿಗಾದರೋ ಬಹಳ ಸಲ ‘ಎಸ್‌ಎಸ್’ (ಸ್ಟೇನ್‌ಲೆಸ್ ಸ್ಟೀಲ್) ಎನ್ನುವುದೊಂದೇ ಹೆಸರು. ಎಂಎಸ್ (ಮೈಲ್ಡ್ ಸ್ಟೀಲ್) ಚೌಕಟ್ಟಿಗೆ ಎಸ್‌ಎಸ್ ತೊಟ್ಟಿಯನ್ನು ಬೆಸೆಯುವವನಿಗೆ ಅಷ್ಟು ಸಾಲದು, ತಗಡಿನ ದರ್ಜೆಯೂ ಗೊತ್ತಿರಬೇಕು.

304 ದರ್ಜೆಯಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. 316ರಲ್ಲಿ ಜೊತೆಗೆ ಶೇ 2ರಿಂದ 3 ಮಾಲಿಬ್ಡಿನಂ. 202ರಲ್ಲಿ ನಿಕಲ್ ತಗ್ಗಿಸಿ ಮ್ಯಾಂಗನೀಸ್ ಏರಿಸಿರುತ್ತಾರೆ. ಅಗ್ಗ, ಆದರೆ ತುಕ್ಕಿಗೆ ಬೇಗ ಸೋಲುತ್ತದೆ. ಆಯಸ್ಕಾಂತ ಹಿಡಿದು ನೋಡುವ ರೂಢಿ ಆಯಸ್ಕಾಂತಕ್ಕೆ ಅಂಟುವ 430 ದರ್ಜೆಯನ್ನು ಬೇರ್ಪಡಿಸೀತೇ ಹೊರತು 202 ಮತ್ತು 304ರ ವ್ಯತ್ಯಾಸ ಹೇಳದು. ಮಡಿಸಿದ ಅಂಚಿನಲ್ಲಿ ಅಸಲಿ 304 ಕೂಡ ಆಯಸ್ಕಾಂತಕ್ಕೆ ತುಸು ಅಂಟುವುದುಂಟು!

ರಾಡಿನ ವಿಷಯಕ್ಕೆ ಬರೋಣ. 304ಕ್ಕೆ 304 ಬೆಸೆಯಲು 308ಎಲ್ ಸರಿ. ಎಂಎಸ್ ಜೊತೆಗೂ ಅದನ್ನೇ ಹಚ್ಚಿದರೆ? ಕರಗಿದ ಬೆಸುಗೆಯಲ್ಲಿ ಶೇ 70 ರಾಡಿನದು, ಎರಡೂ ಬದಿಯಿಂದ ಶೇ 15ರಂತೆ ಮೂಲಲೋಹ ಎಂದಿಟ್ಟುಕೊಳ್ಳೋಣ. ಎಂಎಸ್ ಬದಿಯಿಂದ ಕ್ರೋಮಿಯಂ ಬಾರದು, ಕಬ್ಬಿಣದ ಜೊತೆ ಇಂಗಾಲ ಬರುತ್ತದೆ. ಹೀಗಾಗಿ ಬೆಸುಗೆಯಲ್ಲಿ ಕ್ರೋಮಿಯಂ ಶೇ 16ಕ್ಕೆ, ನಿಕಲ್ ಶೇ 8ಕ್ಕೆ ಇಳಿಯುತ್ತದೆ. ಶೆಫ್ಲರ್ 1949ರಲ್ಲಿ ಪ್ರಕಟಿಸಿದ, ಬೆಸುಗೆಲೋಹದ ರಚನೆ ತೋರಿಸುವ ನಕ್ಷೆಯಲ್ಲಿ ಈ ಬಿಂದು ಪೆಡಸಾದ ಮಾರ್ಟೆನ್ಸೈಟ್ ವಲಯದ ಗಡಿಗೆ ಹತ್ತಿರ. ಆರ್ಕ್ ಎಂಎಸ್ ಕಡೆಗೆ ಸ್ವಲ್ಪ ವಾಲಿದರೂ ಗಡಿ ದಾಟೀತು. ಅದೇ ಲೆಕ್ಕವನ್ನು ಶೇ 23.5 ಕ್ರೋಮಿಯಂ, ಶೇ 13 ನಿಕಲ್ ಇರುವ 309ಎಲ್‌ಗೆ ಹಾಕಿದರೆ ಶೇ 19, ಶೇ 10 ಉಳಿಯುತ್ತದೆ. ಅಂದರೆ ಬೆರಕೆಯಾದ ಮೇಲೆ 309ಎಲ್ ಹೆಚ್ಚುಕಡಿಮೆ 308 ಆಗುತ್ತದೆ. ಉಳಿಯುವ ಒಂದಿಷ್ಟು ಫೆರೈಟ್ ಬಿಸಿಬಿರುಕನ್ನೂ ತಡೆಯುತ್ತದೆ. ದುಬಾರಿ ರಾಡಿನ ಹೆಚ್ಚುವರಿ ಮಿಶ್ರಲೋಹ ಎಂಎಸ್ ಬದಿಯ ಕೊರತೆ ತುಂಬಲಿಕ್ಕೇ ಇರುವುದು.

ರಾಡು ಸರಿಯಿದ್ದೂ ಕೆಲಸ ಕೆಡುವ ಜಾಗ ಗ್ರೈಂಡಿಂಗ್. ಎಂಎಸ್ ಉಜ್ಜಿದ ಚಕ್ರದಿಂದಲೇ ಎಸ್‌ಎಸ್ ಉಜ್ಜಿದರೆ ಕಬ್ಬಿಣದ ಕಣಗಳು ತಗಡಿನಲ್ಲಿ ಹೂತು, ತೇವ ತಗುಲಿದಾಗ ಬೆಸುಗೆಯ ಅಂಚಿಗುಂಟ ಕಂದು ಗೆರೆ ಮೂಡುತ್ತದೆ. ಬೈಗುಳ ಮಾತ್ರ ತಗಡಿಗೆ.

ಬಾಯ್ಲರ್‌ನಂಥ ಕಾವಿನಲ್ಲಿ 309ಎಲ್ ಕೂಡ ಸಾಲದು. ಅಲ್ಲಿ ಇಂಗಾಲ ಎಂಎಸ್‌ನಿಂದ ಬೆಸುಗೆಗೆ ಸರಿಯುತ್ತದೆ, ಎರಡು ಉಕ್ಕುಗಳು ಹಿಗ್ಗುವ ಪ್ರಮಾಣವೂ ಬೇರೆ: ಡಿಗ್ರಿಗೆ ದಶಲಕ್ಷಕ್ಕೆ ಎಂಎಸ್ ಸುಮಾರು 12, 304 ಸುಮಾರು 17. ಅಂಥಲ್ಲಿ ಹಿಗ್ಗುವಿಕೆ ಎಂಎಸ್‌ಗೆ ಹತ್ತಿರವಿರುವ ನಿಕಲ್ ಮೂಲದ ರಾಡನ್ನೇ ಬಳಸುತ್ತಾರೆ.