ಕುಂದಗೋಳದ ಗಾಡಿ

ನಮ್ಮ ಬಳಗಾನೂರಿನಿಂದ ಎಲ್ಲಿಗೆ ಹೊರಟರೂ ಮೊದಲು ಬಸ್ಸಿಗೆ ಕಾಯಬೇಕು. ಸಿಂಧನೂರಿಗೆ ರೈಲು ಬಂದದ್ದೇ 2024ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ರೈಲೆಂದರೆ ನಮಗೆ ರಾಯಚೂರಿನದೋ ಕೊಪ್ಪಳದ್ದೋ ಮಾತು.

ನಾನು ವೃತ್ತಿಯಿಂದ ಶಿಕ್ಷಕಿ. ಸಂಗೀತ ನನಗೆ ಭಾನುವಾರದ ಕಸುಬು. 1994ರಲ್ಲಿ ಪೇಟಿ ಕಲಿಯಲೆಂದು ವಾರಕ್ಕೊಮ್ಮೆ ಸಿಂಧನೂರಿಗೆ ಹೋಗತೊಡಗಿದೆ. ಹಿಂದೆ ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದ ಹಿರಿಯರೊಬ್ಬರು ಕಲಿಸುತ್ತಿದ್ದರು. ನಮ್ಮತ್ತೆ ಕೆಟ್ಟವರಲ್ಲ, ಆದರೂ ಒಂದು ದಿನ ರೊಟ್ಟಿ ಬಡಿಯುತ್ತಲೇ ಕೇಳಿದರು: "ಸಾಲಿ ಕಲಿಸೂದು ಸಾಲವಲ್ದೇನವ್ವಾ? ಮಂದಿ ಕಡಿಂದ ಹಾಡಕೀ ಅನ್ನಿಸ್ಕೋಬೇಕೇನು?" ನಾನು ಉತ್ತರ ಕೊಡಲಿಲ್ಲ. ಎರಡನೆಯ ಮಗು ಹುಟ್ಟಿದ ಮೇಲೆ ಪೇಟಿ ಅಟ್ಟ ಸೇರಿತು. ಒಂಬತ್ತು ವರ್ಷ ಅಲ್ಲೇ ಇತ್ತು. ಇಳಿಸಿದಾಗ ಭಾತೆಯ ತೊಗಲನ್ನು ಇಲಿ ತಿಂದಿತ್ತು.

ಆ "ಹಾಡಕೀ" ಎಂಬ ಮಾತು ಮತ್ತೆ ನೆನಪಾದದ್ದು ಗಂಗೂಬಾಯಿ ಹಾನಗಲ್ಲರ ಆತ್ಮಕಥೆ 'ನನ್ನ ಬದುಕಿನ ಹಾಡು' ಓದುವಾಗ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ಹೆಣ್ಣುಮಗಳು ಶುಕ್ರವಾರಪೇಟೆಯ ಓಣಿಯಲ್ಲಿ ನಡೆದು ಹೋಗುವಾಗ ಜನ ಇದೇ ಮಾತಿನಿಂದ ಹಂಗಿಸುತ್ತಿದ್ದರಂತೆ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದರ ಗಂಗೂಬಾಯಿಯೂ ಇದ್ದರು. ಹಾಡು ತಪ್ಪೀತೆಂಬ ಅಂಜಿಕೆಗಿಂತ, ಕೆಳಜಾತಿಯವಳೆಂದು ಎಂಜಲೆಲೆ ಎತ್ತಲು ಹೇಳಿಯಾರೋ ಎಂಬ ಅಂಜಿಕೆಯೇ ತಮಗೆ ಹೆಚ್ಚಾಗಿತ್ತೆಂದು ಅವರು ಮುಂದೆ ನೆನೆಸಿಕೊಂಡಿದ್ದಾರೆ. ತರಗತಿಯಲ್ಲಿ ಬೆಳಗಾವಿ ಅಧಿವೇಶನದ ಪಾಠ ಎಷ್ಟು ಸಲ ಮಾಡಿದ್ದೇನೋ, ಆ ಮಂಟಪದ ಮೂಲೆಯಲ್ಲಿ ಇಂಥದೊಂದು ಮಗು ನಿಂತಿತ್ತೆಂದು ಯಾವ ಪಠ್ಯವೂ ನನಗೆ ಹೇಳಿರಲಿಲ್ಲ.

ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿನ ನೆರಳು ಅವಳ ಸ್ವರದ ಮೇಲೆ ಬೀಳಬಾರದೆಂದು ಆಕೆ ಹಾಡುವುದನ್ನೇ ಬಿಟ್ಟರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾವು ತಾಯಂದಿರು ಮಕ್ಕಳಿಗಾಗಿ ಏನೇನೋ ಬಿಟ್ಟಿದ್ದೇವೆಂದು ಹೇಳಿಕೊಳ್ಳುತ್ತೇವೆ. ನಾನು ಪೇಟಿಯನ್ನು ಅಟ್ಟಕ್ಕೇರಿಸಿದ್ದು ಮಕ್ಕಳಿಗಾಗಿಯೋ, ಜನರ ಬಾಯಿಗಂಜಿಯೋ? ನಿಜ ಹೇಳಬೇಕೆಂದರೆ ಎರಡನೆಯದೇ ಹೆಚ್ಚು.

ಹದಿನಾರಕ್ಕೆ ಮದುವೆಯಾಗಿ, ಮಕ್ಕಳೂ ಆಗಿ, ಮನೆಯ ಖರ್ಚಿಗೆ ಕಛೇರಿಗಳನ್ನು ಮಾಡುತ್ತಲೇ ಗಂಗೂಬಾಯಿಯವರು 1930ರ ದಶಕದ ಕೊನೆಯಲ್ಲಿ ಸವಾಯಿ ಗಂಧರ್ವರ ಬಳಿ ಕ್ರಮವಾಗಿ ಕಲಿಯತೊಡಗಿದರು. ಗುರುಗಳು ನಾಟಕದ ತಿರುಗಾಟ ಮುಗಿಸಿ ಕುಂದಗೋಳದಲ್ಲಿ ನೆಲೆಸಿದ್ದರು. ಅದು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗುವುದು, ಪಾಠ, ಮತ್ತೆ ರಾತ್ರಿಯೊಳಗೆ ಮನೆ. ಗುರುಮನೆಯಲ್ಲಿ ನೀರು ಹೊತ್ತು ಸೇವೆ ಮಾಡಿಕೊಂಡಿದ್ದ ಹುಡುಗನೊಬ್ಬ ಅವರನ್ನು ಸ್ಟೇಶನ್ನಿನ ತನಕ ಕಳಿಸಿ ಬರುತ್ತಿದ್ದ. ಆ ಹುಡುಗನೇ ಭೀಮಸೇನ ಜೋಶಿ.

ಭೀಮಸೇನರ ಪ್ರಯಾಣವೇ ಬೇರೆ. ಹನ್ನೊಂದರ ವಯಸ್ಸಿಗೆ, 1933ರಲ್ಲಿ ಮನೆ ಬಿಟ್ಟು, ಟಿಕೀಟಿಲ್ಲದೆ ರೈಲು ಹತ್ತಿ, ಗ್ವಾಲಿಯರ್, ರಾಮಪುರ, ಕಲಕತ್ತೆ, ಜಲಂಧರ ಎಂದು ಗುರುವನ್ನು ಹುಡುಕಿದರು. ಕೊನೆಗೆ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ, ಅಲ್ಲಿಗೆ ಹೋಗು ಎಂದರಂತೆ. ಗಂಡುಹುಡುಗ ಹಾಗೆ ಓಡಿಹೋದರೆ ಅದೊಂದು ಕಥೆಯಾಗುತ್ತದೆ. ಹೆಣ್ಣು ಓಡಿದ್ದರೆ? ಗಂಗೂಬಾಯಿಗೆ ಸಿಕ್ಕದ್ದು ಸಂಜೆಯೊಳಗೆ ಹಿಂತಿರುಗಬೇಕಾದ ಗಾಡಿ. ಆ ಗಾಡಿಯ ವೇಳೆಯೊಳಗೇ ಅವರು ಕಲಿತರು.

ಗುರುಗಳು ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಜಿಪುಣ ದುಡ್ಡು ಎಣಿಸಿ ಖರ್ಚು ಮಾಡುವ ಹಾಗೆ ಸ್ವರ ಬಳಸಬೇಕೆಂಬುದು ಅವರ ಪಾಠವಾಗಿತ್ತೆಂದು ಗಂಗೂಬಾಯಿ ಹೇಳುತ್ತಿದ್ದರು. ನನಗೆ ಇದರ ಅರ್ಥ ತಡವಾಗಿ ಆಯಿತು. ಪೇಟಿ ಅಟ್ಟದಿಂದ ಇಳಿದ ಹೊಸತರಲ್ಲಿ ಸಿಂಧನೂರಿಗೆ ದೊಡ್ಡ ಗಾಯಕರೊಬ್ಬರು ಬಂದಿದ್ದರು. ಅವರ ಹಿಂದೆ ತಂಬೂರಿ ಹಿಡಿದು ಕೂಡುವ ಭಾಗ್ಯ ನನ್ನದಾಯಿತು. ಜನ ಕಾಯುತ್ತಿದ್ದರೂ ಅವರು ತಂಬೂರಿ ಶ್ರುತಿ ಮಾಡುವುದರಲ್ಲೇ ಅರ್ಧ ಗಂಟೆ ಕಳೆದರು. ಕಛೇರಿ ಮುಗಿದ ಮೇಲೆ, "ಬರೇ ಷಡ್ಜ ಹಿಡೀರಿ ತಂಗೀ" ಎಂದರು. ಹಿಡಿದೆ. ನಿಲ್ಲಲಿಲ್ಲ. ಹತ್ತಾರು ಭಜನೆ, ವಚನ ಹಾಡುತ್ತಿದ್ದವಳಿಗೆ ಒಂದು ಸ್ವರ ನಿಲ್ಲಿಸಲು ಬರಲಿಲ್ಲ! ಅಂದಿನಿಂದ ದಿನಾ ಬೆಳಿಗ್ಗೆ ಸಾಲಿಗೆ ಹೋಗುವ ಮುಂಚೆ ಇಪ್ಪತ್ತು ನಿಮಿಷ ಅದೊಂದೇ ಕೆಲಸ.

ಗಂಗೂಬಾಯಿಯವರಿಗೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ. ಅವರಿಗೆ ಹಾಡೇ ಅನ್ನವಾಗಿತ್ತು. ನನಗೆ ಪಗಾರವಿದೆ. 2002ರಲ್ಲಿ ಪದ್ಮವಿಭೂಷಣ ಪಡೆದ, 2009ರಲ್ಲಿ ತೀರಿಕೊಂಡ ಆ ಹಿರಿಯ ಜೀವದಿಂದ ನಾನು ಪಡೆದದ್ದು ರಾಗವಲ್ಲ, ಗಾಡಿಯ ವೇಳೆ ನೋಡಿಕೊಂಡು ಹೊರಡುವ ಧೈರ್ಯ ಮಾತ್ರ.

ಸಿಂಧನೂರಿಗೆ ರೈಲು ಬಂದ ವರ್ಷವೇ ಅದರಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕುಂದಗೋಳಕ್ಕೂ ಹೋಗಿಬಂದೆ. ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುವ ನಾಡಿಗೇರ ವಾಡೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಸಂಜೆ ಸ್ಟೇಶನ್ನಿನಲ್ಲಿ ಗಾಡಿಗೆ ಕಾಯುತ್ತಾ ನನಗರಿವಿಲ್ಲದೇ ಗುನುಗುತ್ತಿದ್ದೆನೇನೋ, ಪಕ್ಕದಲ್ಲಿ ಕೂಸು ಎತ್ತಿಕೊಂಡು ಕೂತಿದ್ದ ಹೆಣ್ಣುಮಗಳು ಕೇಳಿದಳು: "ನೀವು ಹಾಡ್ತೀರೇನ್ರೀ?"

"ಇಲ್ಲವ್ವಾ, ಸಾಲಿ ಟೀಚರ್ ಅದೀನಿ" ಅಂದುಬಿಟ್ಟೆ. ಯಾಕೆ ಹಾಗಂದೆನೆಂದು ಹುಬ್ಬಳ್ಳಿ ಮುಟ್ಟುವ ತನಕ ನನ್ನನ್ನೇ ಬೈದುಕೊಂಡೆ.