ಪೂರ್ಣಾವಧಿಯ ನೃತ್ಯಶಿಕ್ಷಣ: ಅರಮನೆಯಿಂದ ವಿಶ್ವವಿದ್ಯಾಲಯದವರೆಗೆ

ಕರ್ನಾಟಕದ ದಾನಶಾಸನಗಳಲ್ಲಿ ನೃತ್ಯಕ್ಕೆ ಸಂಬಂಧಿಸಿದ ಉಲ್ಲೇಖಗಳು ವಿರಳವಲ್ಲ. ದೇವಾಲಯದ ಅಂಗಭೋಗ, ರಂಗಭೋಗಗಳಿಗೆಂದು ಬಿಟ್ಟ ಭೂಮಿಯ ವಿವರಗಳ ನಡುವೆ ಪಾತ್ರದವರು, ನಟ್ಟುವರು, ಮದ್ದಳೆಕಾರರು ಕಾಣಿಸಿಕೊಳ್ಳುತ್ತಾರೆ. ಹೊಯ್ಸಳ ರಾಣಿ ಶಾಂತಲೆಯ ಗೀತ-ನೃತ್ಯ ಕೌಶಲವನ್ನು ಶ್ರವಣಬೆಳಗೊಳದ ಶಾಸನ ಕೊಂಡಾಡುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ನೃತ್ಯಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಆದರೆ ಈ ಆಕರಗಳು ಸಿದ್ಧಗೊಂಡ ಕಲೆಯನ್ನು ವರ್ಣಿಸುವಷ್ಟು ವಿವರವಾಗಿ, ಆ ಸಿದ್ಧಿಗೆ ಹಿಡಿದ ವರ್ಷಗಳನ್ನು ಕುರಿತು ಹೇಳುವುದಿಲ್ಲ. ಕಲಾವಿದೆ ಕಲಿಯುತ್ತಿದ್ದ ಅಷ್ಟೂ ಕಾಲ ಅವಳ ಅನ್ನವಸ್ತ್ರಗಳನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆಗೆ ಉತ್ತರವಿರುವುದು ದಾನವಾಗಿ ಬಿಟ್ಟ ಆ ಗದ್ದೆ ತೋಟಗಳ ಲೆಕ್ಕದಲ್ಲಿಯೇ.

ವೃತ್ತಿನಿರತ ನರ್ತಕಿಯನ್ನು ರೂಪಿಸಲು ಪ್ರತಿಭೆ ಮತ್ತು ಗುರು ಇಬ್ಬರೂ ಅವಶ್ಯ. ಆದರೆ ಅವರಿಬ್ಬರನ್ನೂ ದೀರ್ಘಕಾಲ ಒಂದೆಡೆ ಇರಿಸಬಲ್ಲ ಆಶ್ರಯ ಅಷ್ಟೇ ಅವಶ್ಯ. ಮೈಸೂರಿನ ನೃತ್ಯಪರಂಪರೆಯ ಕಳೆದ ಒಂದೂವರೆ ಶತಮಾನದ ಇತಿಹಾಸ ಈ ಮಾತಿಗೆ ಸ್ಪಷ್ಟ ನಿದರ್ಶನವಾಗಿದೆ.

ಜಟ್ಟಿ ತಾಯಮ್ಮ (1857-1947) ಮೈಸೂರು ಅರಮನೆಯ ಆಸ್ಥಾನ ನರ್ತಕಿ. ನೃತ್ಯದ ಜೊತೆಗೆ ಕವೀಶ್ವರ ಗಿರಿಯಪ್ಪನವರಲ್ಲಿ ಅಭಿನಯವನ್ನೂ ವಿದ್ವಾಂಸರಲ್ಲಿ ಸಾಹಿತ್ಯವನ್ನೂ ಅಭ್ಯಾಸ ಮಾಡಿದವರು. ಮೈಸೂರು ಶೈಲಿಯ ವೈಶಿಷ್ಟ್ಯವೆನಿಸಿದ ಅಭಿನಯಪ್ರಾಧಾನ್ಯದ ಮೂಲ ಇಂತಹ ಶಿಕ್ಷಣಕ್ರಮದಲ್ಲಿದೆ. ಜಯದೇವನ ಅಷ್ಟಪದಿ, ಅಮರುಕನ ಶೃಂಗಾರ ಶ್ಲೋಕ, ಕ್ಷೇತ್ರಯ್ಯನ ಪದ ಹಾಗೂ ಜಾವಳಿಗಳನ್ನು ಅಭಿನಯಿಸುವವಳಿಗೆ ಅರ್ಥ, ಧ್ವನಿ, ರಾಗಗಳ ಪರಿಚಯವಿಲ್ಲದಿದ್ದರೆ ಒಂದೇ ಸಾಲನ್ನು ಹತ್ತು ಭಾವಗಳಲ್ಲಿ ವಿಸ್ತರಿಸುವುದು ಅಸಾಧ್ಯ. ಅಂದರೆ ಪಾದಗತಿ ಕಲಿಕೆಯ ಒಂದು ಭಾಗ ಮಾತ್ರ. ಉಳಿದುದು ಸಾಹಿತ್ಯ ಮತ್ತು ಸಂಗೀತದ ಅಭ್ಯಾಸ.

ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906-2002) ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದವರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ತಾಯಮ್ಮನವರಿಗೆ ಒಪ್ಪಿಸಲಾಯಿತು. ಗುರುಕುಲ ಕ್ರಮದ ನೃತ್ಯಾಭ್ಯಾಸದೊಡನೆ ಸಂಸ್ಕೃತ ಮತ್ತು ಕರ್ನಾಟಕ ಸಂಗೀತದ ಪಾಠಗಳೂ ನಡೆದವು. ತಾವೇ ಹಾಡುತ್ತ ಅಭಿನಯಿಸುವ ಅವರ ಸಾಮರ್ಥ್ಯ ಈ ಸಮಗ್ರ ಶಿಕ್ಷಣದ ಫಲ. ಮುಂದೆ ಅವರೂ ಆಸ್ಥಾನ ವಿದುಷಿಯಾದರು. ಕಲಿಕೆ ಎಲ್ಲಿ ಮುಗಿಯಿತು, ವೃತ್ತಿ ಎಲ್ಲಿ ಆರಂಭವಾಯಿತು ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ.

ಇದೇ ತಾಯಮ್ಮನವರಲ್ಲಿ ಯು. ಎಸ್. ಕೃಷ್ಣರಾವ್ ಅವರೂ ಪಾಠ ಹೇಳಿಸಿಕೊಂಡರು. ಅವರು ರಸಾಯನಶಾಸ್ತ್ರದ ಅಧ್ಯಾಪಕರು. ಅವರ ಸಾಧನೆ ಸಣ್ಣದಲ್ಲ; ಆದರೆ ಜೀವನೋಪಾಯಕ್ಕೆ ಬೇರೊಂದು ವೃತ್ತಿಯಿದ್ದು, ನೃತ್ಯವನ್ನು ಅದರೊಡನೆ ಸಾಧಿಸುವ ಹೊಸ ವರ್ಗದ ಆಗಮನವನ್ನು ಅವರ ಬದುಕು ಸೂಚಿಸುತ್ತದೆ. ಗುರು ಒಬ್ಬರೇ, ಕಲಿಕೆಯ ಆಧಾರ ಮಾತ್ರ ಬೇರೆಯಾಯಿತು.

ಹಳೆಯ ಆಶ್ರಯವನ್ನು ವೈಭವೀಕರಿಸಬೇಕಾಗಿಲ್ಲ. ಎಂಟು ವರ್ಷದ ಮಗುವಿಗೆ ತನ್ನ ಬದುಕನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ನರ್ತಕಿಯ ಕಲೆಯನ್ನು ಮೆಚ್ಚಿದ ಸಮಾಜವೇ ಅವಳ ವೃತ್ತಿಗೆ ಕಳಂಕವನ್ನು ಅಂಟಿಸಿತು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸು ಪ್ರಾಂತದಲ್ಲಿ 1947ರಲ್ಲಿ ಶಾಸನವೇ ಬಂದಿತು. ಸುಧಾರಣೆ ಅಗತ್ಯವಾಗಿತ್ತು. ಆದರೆ ಶೋಷಣೆಯ ವ್ಯವಸ್ಥೆಯೊಡನೆ ಕಲಿಕೆಯ ಆರ್ಥಿಕ ಆಧಾರವೂ ಕುಸಿಯಿತು. ಅದೇ ಕುಲಗಳ ಹೆಣ್ಣುಮಕ್ಕಳು ಗೌರವದಿಂದ ಅದೇ ಕಲೆಯನ್ನು ಮುಂದುವರಿಸಲು ಬೇಕಾದ ಬದಲಿ ಆಶ್ರಯ ಸಕಾಲದಲ್ಲಿ ರೂಪುಗೊಳ್ಳಲಿಲ್ಲ. ಸ್ವಾತಂತ್ರ್ಯಾನಂತರ ಆಸ್ಥಾನದ ಪೋಷಣೆಯೂ ಕ್ಷೀಣಿಸಿತು.

ಬದಲಿ ಪ್ರಯತ್ನಗಳು ಬೇರೆಡೆ ನಡೆದಿದ್ದವು. ಕವಿ ವಳ್ಳತ್ತೋಳ್ 1930ರಲ್ಲಿ ಕೇರಳ ಕಲಾಮಂಡಲಂ ಅನ್ನು, ರುಕ್ಮಿಣೀದೇವಿ ಅರುಂಡೇಲ್ 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಕಟ್ಟಿದರು. ಗುರುವಿನ ಮನೆಯಲ್ಲಿ ದೊರೆಯುತ್ತಿದ್ದ ಅವಿಚ್ಛಿನ್ನ ಅಭ್ಯಾಸವನ್ನು ಸಂಸ್ಥೆಯ ಚೌಕಟ್ಟಿನಲ್ಲಿ ಉಳಿಸಿಕೊಳ್ಳುವುದು ಎರಡರ ಉದ್ದೇಶವೂ ಆಗಿತ್ತು. ಮೈಸೂರಿನಲ್ಲಿ ಈ ಹೊಣೆ ವಿಶ್ವವಿದ್ಯಾಲಯದ ಪಾಲಿಗೆ ಬಂದಿತು. 1965ರಲ್ಲಿ ಅಲ್ಲಿ ನೃತ್ಯವಿಭಾಗ ಆರಂಭವಾದಾಗ ವೆಂಕಟಲಕ್ಷಮ್ಮನವರು ಅದರ ಪ್ರವಾಚಕರಾದರು. ತಾಂಡ್ಯದಿಂದ ಬಂದು ಗುರುಗೃಹದಲ್ಲಿ ಬೆಳೆದವರು ವಿಶ್ವವಿದ್ಯಾಲಯದ ಪೀಠವನ್ನೇರಿದುದು ಕಲೆಗೂ ಕಲಾವಿದೆಗೂ ದೊರೆತ ಮಾನ್ಯತೆ. 1992ರ ಪದ್ಮಭೂಷಣ ಅದನ್ನು ಇನ್ನಷ್ಟು ದೃಢಪಡಿಸಿತು. ಆದರೆ ಪಠ್ಯಕ್ರಮ, ವೇಳಾಪಟ್ಟಿ ಮತ್ತು ಪರೀಕ್ಷೆಗಳು ಕೃತಿಗಳನ್ನು ದಾಟಿಸಬಲ್ಲವು. ಮನೋಧರ್ಮವನ್ನು ಬೆಳೆಸುವ ಬಿಡುವಿನ ವರ್ಷಗಳನ್ನು ಅಷ್ಟು ಸುಲಭವಾಗಿ ದಾಟಿಸಲಾರವು. ಪದವಿಯ ಅವಧಿಗೆ ಮಿತಿಯಿದೆ. ಅಭಿನಯದ ಪಾಕಕ್ಕೆ ಅಂತಹ ಗಡುವಿಲ್ಲ.

1990ರಲ್ಲಿ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ ಸ್ಥಾಪಿಸಿದ ನೃತ್ಯಗ್ರಾಮ ಈ ಕೊರತೆಯನ್ನು ಮನಗಂಡ ಪ್ರಯತ್ನ. ಒಡಿಸ್ಸಿ ಕಲಿಯುವವರು ಅಲ್ಲಿಯೇ ವಾಸಿಸಿ, ದಿನವಿಡೀ ಅಭ್ಯಾಸದಲ್ಲಿ ತೊಡಗುವ ವ್ಯವಸ್ಥೆ ಅದು. ಅದು ನಿಂತಿರುವುದು ರಾಜ್ಯ ಸರ್ಕಾರ ಗುತ್ತಿಗೆಗೆ ನೀಡಿದ ಭೂಮಿಯಲ್ಲಿ. ನರ್ತಕಿಯ ಅಭ್ಯಾಸಕ್ಕೆ ನೆಲದ ಆಸರೆ ಬೇಕೆಂಬುದನ್ನು ದಾನಶಾಸನಗಳನ್ನು ಬರೆಸಿದವರು ಅರಿತಿದ್ದರು. ಕಲಿಯುವವಳ ಸ್ವಾತಂತ್ರ್ಯಕ್ಕೂ ಘನತೆಗೂ ಧಕ್ಕೆ ತಾರದೆ ಅಂತಹ ಆಸರೆಯನ್ನು ಒದಗಿಸುವುದು ಹೇಗೆ ಎಂಬುದೇ ನೃತ್ಯಶಿಕ್ಷಣದ ಇತಿಹಾಸ ಇಂದಿನ ಸಂಸ್ಥೆಗಳ ಮುಂದೆ ಇರಿಸಿರುವ ಪ್ರಶ್ನೆ.